ಒಳಾಂಗಣ ಶಟಲ್ ಪಂದ್ಯದ ಫೋಟೋ: 25 ಸಾವಿರದೊಳಗೆ ಏನು ಕೊಳ್ಳಲಿ?

ಶಟಲ್ ಅಮ್ಮ, ಮೈಸೂರು:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಅಂಡರ್-13 ಶಟಲ್ ಆಡುತ್ತಾಳೆ. ಟೂರ್ನಮೆಂಟ್ ಅಂತ ಇವತ್ತು ಮಂಡ್ಯ, ನಾಳೆ ಬೆಂಗಳೂರು, ಆಮೇಲೆ ದಾವಣಗೆರೆ, ಹೀಗೆ ಓಡಾಟ ಇದ್ದೇ ಇರುತ್ತದೆ. ಅವಳ ಆಟದ ಒಳ್ಳೆಯ ಫೋಟೋ ತೆಗೆಯಬೇಕು ಅಂತ ನನಗೆ ತುಂಬಾ ಆಸೆ. ಅವಳ ಗೆಳತಿಯರ ಅಪ್ಪ ಅಮ್ಮಂದಿರೂ ಕೇಳುತ್ತಿರುತ್ತಾರೆ.

ಮನೆಯಲ್ಲಿರುವುದು ಕ್ಯಾನನ್ 1500ಡಿ. ಜೊತೆಗೆ ಬಂದ ಎರಡು ಲೆನ್ಸ್ ಇವೆ, 18-55 ಮತ್ತು 55-250 (ಎಂಎಂ ಲೆಕ್ಕ, ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ). ಹೊರಗೆ, ಶಾಲೆಯ ಸ್ಪೋರ್ಟ್ಸ್ ಡೇ ದಿನ, ಇದೇ ಕ್ಯಾಮೆರಾದಲ್ಲಿ ಚೆಂದದ ಫೋಟೋ ಬಂದಿವೆ. ಆದರೆ ಶಟಲ್ ಹಾಲ್ ಒಳಗೆ ಹೋದರೆ ಎಲ್ಲವೂ ಮಸುಕು. ರಾಕೆಟ್ ಕಾಣುವುದೇ ಇಲ್ಲ, ಕೈ ಎಲ್ಲಾ ಹೊಗೆಯ ಹಾಗೆ ಎಳೆದುಕೊಂಡಿರುತ್ತದೆ. ಕೊನೆಯ ಪಂದ್ಯದ ಫೋಟೋ ವಿವರ ನೋಡಿದೆ: 250 ಎಂಎಂ, ಎಫ್ 5.6 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ಕಡಿಮೆಯಾದಷ್ಟು ಬೆಳಕು ಜಾಸ್ತಿ), ಶಟರ್ 1/125 (ಬೆಳಕು ಬೀಳುವ ಸಮಯ, ಸೆಕೆಂಡಿನಲ್ಲಿ), ಐಎಸ್‌ಒ 6400 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ). ಅಷ್ಟಾದರೂ ಫೋಟೋ ಸ್ವಲ್ಪ ಕಪ್ಪಾಗಿಯೇ ಇದೆ. ಇನ್ನೊಂದು ವಿಚಿತ್ರ ಅಂದರೆ, ಶಟರ್ ಸ್ಪೀಡ್ ಜಾಸ್ತಿ ಮಾಡಿ ಸಾಲಾಗಿ ತೆಗೆದ ಫೋಟೋಗಳಲ್ಲಿ ಒಂದು ಹಳದಿ, ಪಕ್ಕದ್ದು ಬೂದಿ ಬಣ್ಣ.

ಅಂಗಡಿಯಲ್ಲಿ ಕೇಳಿದರೆ, "ಇದು ಹಳೇ ಕಾಲದ್ದು ಮೇಡಂ, ಹೊಸ ಮಿರರ್‌ಲೆಸ್ ಕಿಟ್ ಇಎಂಐನಲ್ಲಿ ತಗೊಳ್ಳಿ" ಅಂದರು. ಮಿರರ್‌ಲೆಸ್ ಕಿಟ್ ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ, ಜೊತೆಗೆ ಲೆನ್ಸ್ ಅಂತೆ. ನನ್ನ ಬಜೆಟ್ 25 ಸಾವಿರ. ಅದಕ್ಕಿಂತ ಜಾಸ್ತಿ ಆಗುವುದಿಲ್ಲ, ರಾಕೆಟ್ ಗಟ್ಟಿಂಗ್, ಶೂ, ಎಂಟ್ರಿ ಫೀಸು ಅಂತ ಖರ್ಚು ಇದ್ದೇ ಇದೆ. ಈ ದುಡ್ಡಿನಲ್ಲಿ ನಿಜವಾಗಿ ವ್ಯತ್ಯಾಸ ಕಾಣುವಂಥದ್ದು ಏನಾದರೂ ಇದೆಯಾ?

ಕರಾವಳಿ ಕ್ಲಿಕ್, ಉಡುಪಿ:

ಮೇಡಂ, ಇದೆ. ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಬದಲಾಯಿಸಬೇಡಿ. ಲೆನ್ಸ್ ಒಂದು ಬದಲಾಯಿಸಿ. ಕ್ಯಾನನ್ ಇಎಫ್ 85 ಎಂಎಂ ಎಫ್ 1.8 ಯುಎಸ್‌ಎಂ, ಸೆಕೆಂಡ್ ಹ್ಯಾಂಡ್. ನಿಮ್ಮ ಬಜೆಟ್ ಒಳಗೇ ಸಿಗುತ್ತದೆ. ನಾನು ಪತ್ರಿಕೆಗಳಿಗೆ ಶಟಲ್, ಟೇಬಲ್ ಟೆನಿಸ್, ಕಬಡ್ಡಿ ಫೋಟೋ ತೆಗೆಯುವವನು. ಒಳಾಂಗಣದಲ್ಲಿ ದುಡ್ಡು ಹಾಕಬೇಕಾದದ್ದು ಬೆಳಕು ಹಿಡಿಯುವ ಗಾಜಿಗೆ ಅನ್ನುವುದರಲ್ಲಿ ನನಗೆ ಸಂಶಯವೇ ಇಲ್ಲ.

ನಿಮ್ಮದೇ ಲೆಕ್ಕ ನೋಡಿ. ನಿಮ್ಮ 55-250 ಲೆನ್ಸ್ ಪೂರ್ತಿ ಝೂಮ್ ಮಾಡಿದಾಗ ಎಫ್ 5.6. 85 ಎಂಎಂ ಲೆನ್ಸನ್ನು ಎಫ್ 2ಕ್ಕೆ ಇಟ್ಟರೆ ಅದಕ್ಕಿಂತ ಸುಮಾರು 8 ಪಟ್ಟು ಬೆಳಕು ಒಳಗೆ ಬರುತ್ತದೆ. ಅಂದರೆ ಅದೇ ಹಾಲ್, ಅದೇ ಐಎಸ್‌ಒ 6400, ಶಟರ್ ಮಾತ್ರ 1/125 ಇದ್ದದ್ದು 1/1000 ಆಗುತ್ತದೆ. 1/125ರಲ್ಲಿ ಹೊಗೆಯ ಹಾಗೆ ಕಾಣುವ ಕೈ 1/1000ದಲ್ಲಿ ಬೆರಳು ಎಣಿಸುವಷ್ಟು ಸ್ಪಷ್ಟವಾಗುತ್ತದೆ. ಸರ್ವ್, ನೆಟ್ ಡ್ರಿಬಲ್‌ಗೆ 1/500 ಸಾಕು. ಆಗ ಐಎಸ್‌ಒ 3200ಕ್ಕೆ ಇಳಿಸಬಹುದು, ಕಾಳು ಕಾಳು ಕಾಣುವುದೂ ಕಡಿಮೆಯಾಗುತ್ತದೆ. ಇಷ್ಟು ದೊಡ್ಡ ಬದಲಾವಣೆ ಈ ಬೆಲೆಗೆ ಯಾವ ಬಾಡಿಯಿಂದಲೂ ಬರುವುದಿಲ್ಲ.

ಅಂಗಡಿಯವರು ಹೇಳಿದ ಕಿಟ್ ವಿಚಾರ. ಉದಾಹರಣೆಗೆ ಕ್ಯಾನನ್ ಆರ್50 ತಗೊಳ್ಳಿ. ಕ್ಯಾಮೆರಾ ಚೆನ್ನಾಗಿದೆ, ಕಣ್ಣು ಹುಡುಕಿ ಫೋಕಸ್ ಮಾಡುತ್ತದೆ. ಆದರೆ ಜೊತೆಗೆ ಬರುವ 18-45 ಲೆನ್ಸ್ ಎಫ್ 4.5ರಿಂದ 6.3. ಅಂದರೆ ನಿಮ್ಮ ಈಗಿನ ಲೆನ್ಸಿಗಿಂತಲೂ ಕತ್ತಲು! ಶಟಲ್ ಹಾಲ್‌ನಲ್ಲಿ ನೀವು ಇದ್ದಲ್ಲೇ ಇರುತ್ತೀರಿ, ಇಎಂಐ ಮಾತ್ರ ಹೊಸದು. ಮುಂದೆ ಎಂದಾದರೂ ಮಿರರ್‌ಲೆಸ್ ಕೊಂಡರೆ ಈ 85 ಎಂಎಂ ಅದಕ್ಕೂ ಅಡಾಪ್ಟರ್ ಹಾಕಿ ಬಳಸಬಹುದು, ಫೋಕಸ್ ಕೂಡ ಮಾಡುತ್ತದೆ. ಹಾಕಿದ ದುಡ್ಡು ದಂಡ ಆಗುವುದಿಲ್ಲ.

50 ಎಂಎಂ ಎಫ್ 1.8 ಎಸ್‌ಟಿಎಂ ಯಾಕೆ ಬೇಡ ಅಂತ ಯಾರಾದರೂ ಕೇಳುತ್ತಾರೆ. ಅದೂ ಒಳ್ಳೆಯದೇ, ಹೊಸದೇ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, 160 ಗ್ರಾಂ ಅಷ್ಟೇ. ನೀವು ಎಲ್ಲಿ ಕೂರುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಕೋರ್ಟ್ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ಸೈಡ್ ಲೈನ್ ಪಕ್ಕ ಕೂತರೆ ಮಗಳು ನಿಮ್ಮಿಂದ ನಾಲ್ಕೈದು ಮೀಟರ್ ದೂರ. ಅಲ್ಲಿ ಕ್ಯಾಮೆರಾ ಲಂಬವಾಗಿ ಹಿಡಿದರೆ 50 ಎಂಎಂನಲ್ಲಿ ಇಡೀ ಆಳು ಹಿಡಿಸುತ್ತದೆ. 85ರಲ್ಲಿ ಸೊಂಟದ ಮೇಲಕ್ಕೆ ಮಾತ್ರ. ಆದರೆ ಕೋರ್ಟ್ ಪಕ್ಕ ಅಪ್ಪ ಅಮ್ಮಂದಿರನ್ನು ಎಷ್ಟು ಜನ ಬಿಡುತ್ತಾರೆ ಹೇಳಿ? ಸಾಮಾನ್ಯವಾಗಿ ಹಿಂದಿನ ಸಾಲು ಇಲ್ಲವೇ ಗ್ಯಾಲರಿ. ಅಲ್ಲಿಂದ ಹತ್ತು ಹನ್ನೆರಡು ಮೀಟರ್ ಆಗುತ್ತದೆ. ಆ ದೂರಕ್ಕೆ 85 ಎಂಎಂ ಲಂಬ ಚೌಕಟ್ಟಿನಲ್ಲಿ ಹಾರಿ ಹೊಡೆಯುವ ಹುಡುಗಿ, ಮೇಲೆತ್ತಿದ ರಾಕೆಟ್ ಎರಡೂ ಸರಿಯಾಗಿ ಕೂರುತ್ತವೆ. ಅದಕ್ಕೇ 85 ಅಂದದ್ದು.

ಈ ಲೆನ್ಸಿನ ಒಂದು ದೋಷವನ್ನೂ ಹೇಳಿಬಿಡುತ್ತೇನೆ. 1992ರ ವಿನ್ಯಾಸ. ಎಫ್ 1.8ರಲ್ಲಿ ಬಿಳಿ ಟೀ ಶರ್ಟ್ ಅಂಚಿಗೆ ನೇರಳೆ ಗೆರೆ ಬರುತ್ತದೆ. ಎಫ್ 2 ಅಥವಾ 2.2ಕ್ಕೆ ಇಟ್ಟರೆ ಬಹಳಷ್ಟು ಕಡಿಮೆ. ಫೋಕಸ್ ಮಾತ್ರ ಈಗಲೂ ಚುರುಕು, ಸದ್ದೂ ಇಲ್ಲ.

ಈಗ ಹಳದಿ-ಬೂದಿ ಸಮಸ್ಯೆ. ಅದು ಕ್ಯಾಮೆರಾದ ತಪ್ಪಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಹಳೆಯ ಟ್ಯೂಬ್‌ಲೈಟ್, ಮೆಟಲ್ ಹಾಲೈಡ್ ದೀಪಗಳು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರ್ 1/100 ಇದ್ದರೆ ಪ್ರತಿ ಫೋಟೋಗೂ ಒಂದು ಪೂರ್ತಿ ಸುತ್ತಿನ ಬೆಳಕು ಸಿಗುತ್ತದೆ, ಎಲ್ಲವೂ ಒಂದೇ ಬಣ್ಣ. 1/1000 ಇಟ್ಟರೆ ಆ ಸುತ್ತಿನ ಹತ್ತನೇ ಒಂದು ಭಾಗ ಮಾತ್ರ. ಅದು ಬೆಳಗಿದ ಕ್ಷಣವೋ ಮಂಕಾದ ಕ್ಷಣವೋ ಅನ್ನುವುದರ ಮೇಲೆ ಬಣ್ಣ ಬದಲು. ಕೆಲವೊಮ್ಮೆ ಒಂದೇ ಫೋಟೋದ ಅರ್ಧ ಹಳದಿ, ಅರ್ಧ ಬೂದಿ ಆಗುತ್ತದೆ. 7ಡಿ ಮಾರ್ಕ್ 2, 80ಡಿ ಥರದ ಬಾಡಿಗಳಲ್ಲಿ ಆಂಟಿ-ಫ್ಲಿಕರ್ ಇದೆ, ದೀಪ ಬೆಳಗಿದಾಗಲೇ ಶಟರ್ ತೆರೆಯುತ್ತವೆ. ನಿಮ್ಮ 1500ಡಿಯಲ್ಲಿ ಇಲ್ಲ. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆದು ಆಮೇಲೆ ಬಣ್ಣ ಸರಿಮಾಡಿಕೊಳ್ಳಿ. ಕ್ಯಾನನ್‌ನ ಡಿಪಿಪಿ ಸಾಫ್ಟ್‌ವೇರ್ ಉಚಿತ. ಒಳ್ಳೆಯ ಎಲ್‌ಇಡಿ ಹಾಕಿದ ಹಾಲ್‌ಗಳಲ್ಲಿ ಈ ಕಾಟ ಕಡಿಮೆ.

ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡಲು ಹೋಗುವಾಗ ನಿಮ್ಮ ಕ್ಯಾಮೆರಾ ಜೊತೆಗೆ ಒಯ್ಯಿರಿ, ಇದನ್ನು ಮರೆಯಬೇಡಿ. ಎರಡೂ ಕಡೆಯ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ, ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಆದರೆ ಗಾಜಿನ ಅಂಚಿನಿಂದ ಒಳಕ್ಕೆ ಜೇಡರ ಬಲೆಯ ಹಾಗೆ ಎಳೆ ಹರಡಿದ್ದರೆ ಅದು ಫಂಗಸ್, ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ನಮ್ಮ ಕರಾವಳಿಯ ಮಳೆಗಾಲ ಕಂಡ ಲೆನ್ಸ್‌ಗಳಲ್ಲಿ ಇದು ಜಾಸ್ತಿ. ಆಮೇಲೆ ನಿಮ್ಮ ಕ್ಯಾಮೆರಾಗೆ ಹಾಕಿ ಎಫ್ 2ರಲ್ಲಿ, ಮೇಜಿನ ಮೇಲೆ ಹಾಸಿದ ಪತ್ರಿಕೆಯ ಮಧ್ಯದ ಸಾಲಿಗೆ ಓರೆಯಾಗಿ ಫೋಕಸ್ ಮಾಡಿ ತೆಗೆಯಿರಿ. ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ನೀವು ಹಿಡಿದ ಸಾಲೇ ಸ್ಪಷ್ಟ ಇರಬೇಕು. ಮೇಲಿನ ಅಥವಾ ಕೆಳಗಿನ ಸಾಲು ಸ್ಪಷ್ಟ ಇದ್ದರೆ ಆ ಲೆನ್ಸ್ ನಿಮ್ಮ ಬಾಡಿಗೆ ಹೊಂದುವುದಿಲ್ಲ. ಮೇಲ್ದರ್ಜೆಯ ಬಾಡಿಗಳಲ್ಲಿ ಅದನ್ನು ತಿದ್ದುವ ಸೆಟ್ಟಿಂಗ್ ಇರುತ್ತದೆ, 1500ಡಿಯಲ್ಲಿ ಇಲ್ಲ. ಮಾರುವವರಿಗೆ ಬೇಜಾರಾದರೂ ಪರವಾಗಿಲ್ಲ ಮಾರಾಯ್ರೆ, ನಿಧಾನವಾಗಿ ನೋಡಿಯೇ ದುಡ್ಡು ಕೊಡಿ.

ನಿಕಾನ್ ಬಳಗ, ಹುಬ್ಬಳ್ಳಿ:

ಮೇಲಿನವರು ಹೇಳಿದ್ದು ನಿಕಾನ್ ಇರುವವರಿಗೂ ಅನ್ವಯಿಸುತ್ತದೆ. ಆದರೆ ಒಂದು ವಿಷಯದಲ್ಲಿ ಜನ ಮೋಸ ಹೋಗುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಿಕಾನ್ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ (ಡಿ3500, ಡಿ5600 ಇತ್ಯಾದಿ) ಫೋಕಸ್ ಮೋಟಾರ್ ಇಲ್ಲ. ಹಳೆಯ 85 ಎಂಎಂ ಎಫ್ 1.8 ಡಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಅದು ಈ ಬಾಡಿಗಳಲ್ಲಿ ತಾನಾಗಿ ಫೋಕಸ್ ಮಾಡುವುದೇ ಇಲ್ಲ. ಕೈಯಲ್ಲಿ ತಿರುಗಿಸಿಕೊಂಡು ಶಟಲ್ ಆಟ ಹಿಡಿಯುವುದು ಸಾಧ್ಯವಾ? ಹೆಸರಿನಲ್ಲಿ ಎಎಫ್-ಎಸ್ (ಲೆನ್ಸಿನಲ್ಲೇ ಮೋಟಾರ್ ಇದೆ ಅಂತ) ಇರುವುದನ್ನೇ ಕೊಳ್ಳಿ, 85 ಎಫ್ 1.8 ಜಿ ಅಥವಾ 50 ಎಫ್ 1.8 ಜಿ. ಡಿ7100, ಡಿ7200 ಇದ್ದವರಿಗೆ ಬಾಡಿಯಲ್ಲೇ ಮೋಟಾರ್ ಇದೆ, ಹಳೆಯದೂ ನಡೆಯುತ್ತದೆ.

ಹಾಗೇ, 70-200 ಎಫ್ 2.8 ಲೆನ್ಸ್ ಬೇಕು ಅನ್ನಿಸಿದರೆ ಕೊಳ್ಳಬೇಡಿ, ದೊಡ್ಡ ಪಂದ್ಯದ ದಿನ ಮಾತ್ರ ಬಾಡಿಗೆಗೆ ತನ್ನಿ. ಗುರುತಿನ ಚೀಟಿ, ಡೆಪಾಸಿಟ್ ಕೇಳುತ್ತಾರೆ. ಒಯ್ಯುವ ಮುಂಚೆ ಅಲ್ಲೇ ಅವರ ಎದುರಿಗೇ ಗಾಜಿನ ಫೋಟೋ ತೆಗೆದಿಟ್ಟುಕೊಳ್ಳಿ. ಲೆನ್ಸಿನ ಐಎಸ್ ಅಥವಾ ವಿಆರ್‌ಗೆ ಜಾಸ್ತಿ ದುಡ್ಡು ಕೊಡುವುದೂ ಬೇಡ. ಅದು ನಿಮ್ಮ ಕೈ ನಡುಗುವುದನ್ನು ತಡೆಯುತ್ತದೆಯೇ ಹೊರತು ಓಡುವ ಹುಡುಗಿಯನ್ನು ನಿಲ್ಲಿಸುವುದಿಲ್ಲ.

ಲೈನ್ ಅಂಪೈರ್, ಬೆಂಗಳೂರು:

ನಾನು ಫೋಟೋಗ್ರಾಫರ್ ಅಲ್ಲ. ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಅಂಪೈರ್ ಆಗಿ ಕೂರುತ್ತೇನೆ. ಆಟದ ಕಡೆಯಿಂದ ಕೆಲವು ಮಾತು.

ಮೊದಲನೆಯದು ಫ್ಲ್ಯಾಶ್. ದಯವಿಟ್ಟು ಬೇಡ. ಮೇಲೆ ನೋಡಿ ಹೊಡೆಯುವ ಮಗುವಿನ ಕಣ್ಣಿಗೆ ಬಡಿದರೆ ಪಾಯಿಂಟ್ ಹೋಗುತ್ತದೆ. ಕ್ಯಾಮೆರಾ ಆಟೋ ಮೋಡ್‌ನಲ್ಲಿದ್ದರೆ ಫ್ಲ್ಯಾಶ್ ತಾನೇ ಎದ್ದುಬಿಡುತ್ತದೆ, ಫೋಕಸ್‌ಗೆ ಅಂತ ಮಿನುಗುವುದೂ ಉಂಟು. ಎರಡನ್ನೂ ಆಫ್ ಮಾಡಿಯೇ ಒಳಗೆ ಬನ್ನಿ.

ಹಾಲ್ ಯಾಕೆ ಅಷ್ಟು ಕತ್ತಲು ಅಂತ ತಂದೆ ತಾಯಂದಿರು ನಮ್ಮನ್ನು ಕೇಳುತ್ತಿರುತ್ತಾರೆ. ಶಟಲ್ ಹಗುರ, 5 ಗ್ರಾಂ ಚಿಲ್ಲರೆ ತೂಕ. ಸ್ವಲ್ಪ ಗಾಳಿ ಬಂದರೂ ದಿಕ್ಕು ತಪ್ಪುತ್ತದೆ. ಅದಕ್ಕೇ ಕಿಟಕಿ ಬಾಗಿಲು ಮುಚ್ಚುತ್ತೇವೆ, ಫ್ಯಾನ್ ನಿಲ್ಲಿಸುತ್ತೇವೆ. ಬಿಳಿ ಶಟಲ್ ಎದ್ದು ಕಾಣಲಿ ಅಂತ ಗೋಡೆಗೆ ಗಾಢ ಹಸಿರೋ ನೀಲಿಯೋ ಬಳಿದಿರುತ್ತಾರೆ. ಆಡುವವರಿಗೆ ಬೇಕಾದದ್ದೇ ಫೋಟೋಗೆ ಕಷ್ಟ.

ಇನ್ನು ಯಾವಾಗ ಒತ್ತಬೇಕು ಅನ್ನುವುದು. ಎದುರಾಳಿ ಶಟಲನ್ನು ಎತ್ತರಕ್ಕೆ ಲಿಫ್ಟ್ ಮಾಡಿದರು ಅಂದರೆ ಸ್ಮ್ಯಾಶ್ ಬರುವ ಸಾಧ್ಯತೆ ಜಾಸ್ತಿ. ಮಗಳು ಬಲಗೈ ಆಟಗಾರ್ತಿಯಾದರೆ ಹಿಂದಕ್ಕೆ ಹೋಗುತ್ತಾ ಎಡಗೈ ಮೇಲೆತ್ತಿ ಶಟಲ್ ಕಡೆ ತೋರಿಸುತ್ತಾಳೆ. ಆ ಎಡಗೈ ಕೆಳಗೆ ಇಳಿಯಲು ಶುರುವಾದ ಕೂಡಲೇ ಒತ್ತಿ. ಶಟಲ್ ರಾಕೆಟ್‌ಗೆ ತಗುಲಿದ ಸದ್ದು ಕೇಳಿ ಒತ್ತಿದರೆ ತಡವಾಯಿತು. 2023ರಲ್ಲಿ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಅವರ ಸ್ಮ್ಯಾಶ್ ಗಂಟೆಗೆ 565 ಕಿಲೋಮೀಟರ್ ಅಂತ ಗಿನ್ನೆಸ್ ದಾಖಲೆಯಾಗಿದೆ. ಮಕ್ಕಳ ಹೊಡೆತ ಅಷ್ಟಿಲ್ಲದಿದ್ದರೂ ಕಣ್ಣಿನಲ್ಲಿ ನೋಡಿ ಹಿಡಿಯುವ ವೇಗವಂತೂ ಅಲ್ಲ.

ಪಾಯಿಂಟ್ ಮುಗಿದ ಮೇಲೂ ಕ್ಯಾಮೆರಾ ಇಳಿಸಬೇಡಿ. ಮಕ್ಕಳ ಮುಖದಲ್ಲಿ ಎಲ್ಲಾ ಕಾಣುವುದು ಆಗಲೇ. ಬೇರೆ ಮಕ್ಕಳ ಫೋಟೋ ಗ್ರೂಪಿಗೆ ಹಾಕುವ ಮುಂಚೆ ಅವರ ಮನೆಯವರನ್ನು ಒಂದು ಮಾತು ಕೇಳಿ. ಎಲ್ಲರಿಗೂ ಅದು ಇಷ್ಟ ಇರುವುದಿಲ್ಲ.

ಶಟಲ್ ಅಮ್ಮ, ಮೈಸೂರು:

ಎಲ್ಲರಿಗೂ ತುಂಬಾ ಧನ್ಯವಾದ. 85 ಎಂಎಂ ತಗೊಂಡೆ! ಬೆಂಗಳೂರಿನ ಒಬ್ಬ ಹಿರಿಯರ ಹತ್ತಿರ, 17 ಸಾವಿರಕ್ಕೆ. ಟಾರ್ಚ್ ಬಿಟ್ಟು ನೋಡಿದೆ, ಪತ್ರಿಕೆ ಹಾಸಿಯೂ ನೋಡಿದೆ. ಅವರೇ ಖುಷಿಪಟ್ಟು ಟೀ ಕೊಟ್ಟರು. ನನ್ನ ಹಳೇ ಲೆನ್ಸಿನ 58 ಎಂಎಂ ಮುಚ್ಚಳ ಇದಕ್ಕೂ ಸರಿಹೊಂದಿತು.

ನಿನ್ನೆ ಪ್ರಾಕ್ಟೀಸ್‌ನಲ್ಲಿ ತೆಗೆದೆ. ಎಫ್ 2, 1/800, ಐಎಸ್‌ಒ 5000. ಮೊದಲ ಸಲ ರಾಕೆಟ್‌ನ ತಂತಿ ಕಾಣುತ್ತಿದೆ, ಅವಳ ಜಡೆ ಗಾಳಿಯಲ್ಲಿ ನಿಂತಿದೆ. ಅವಳಿಗೇ ನಂಬಿಕೆ ಬರಲಿಲ್ಲ, ತನ್ನ ಕಾಲಿನ ಹೆಜ್ಜೆ ನೋಡಿಕೊಂಡು ಕೋಚ್‌ಗೂ ತೋರಿಸಿದಳು.

ಈಗ ಎರಡು ತೊಂದರೆ. ನೆಟ್ ಆಚೆ ಕಡೆ ಅವಳು ಇದ್ದಾಗ ಫೋಕಸ್ ನೆಟ್‌ನ ಬಿಳಿ ಪಟ್ಟಿಗೆ ಹೋಗಿ ಕೂರುತ್ತದೆ. ಇನ್ನೊಂದು, ಹಸಿರು ಗೋಡೆ ಹಿಂದೆ ಬಂದರೆ ಅವಳ ಮುಖ ಬೆಳ್ಳಗೆ ಸುಟ್ಟ ಹಾಗೆ, ಬಿಳಿ ಬ್ಯಾನರ್ ಹಿಂದೆ ಬಂದರೆ ಕಪ್ಪು. ಏನು ಮಾಡಲಿ?

ಕರಾವಳಿ ಕ್ಲಿಕ್, ಉಡುಪಿ:

ಓದಿ ಬಹಳ ಸಂತೋಷವಾಯಿತು ಮೇಡಂ. ಕೋಚ್ ಕೈಗೆ ಫೋಟೋ ಹೋಯಿತು ಅಂದರೆ ಆ ಲೆನ್ಸ್ ಈಗಾಗಲೇ ದುಡಿಯುತ್ತಿದೆ.

ಎರಡನೆಯದಕ್ಕೆ ಮೊದಲು ಉತ್ತರ, ಅದು ಸುಲಭ. ಕ್ಯಾಮೆರಾ ಗೋಡೆ ನೋಡಿ ಬೆಳಕು ಅಳೆಯುತ್ತಿದೆ. ಗಾಢ ಬಣ್ಣದ ಗೋಡೆ ಕಂಡರೆ ಹೆಚ್ಚು ಬೆಳಕು ಕೊಡುತ್ತದೆ, ಬಿಳಿ ಬ್ಯಾನರ್ ಕಂಡರೆ ಕಡಿಮೆ. ಹಾಲ್‌ನ ದೀಪ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ತಾನೇ? ಎಂ (ಮ್ಯಾನುಯಲ್) ಮೋಡ್‌ಗೆ ಹಾಕಿ ಎಫ್, ಶಟರ್, ಐಎಸ್‌ಒ ಮೂರನ್ನೂ ನೀವೇ ಇಟ್ಟುಬಿಡಿ. ಆಟೋ ಐಎಸ್‌ಒ ಕೂಡ ಆಫ್. ವಾರ್ಮ್ ಅಪ್ ಸಮಯದಲ್ಲಿ ಮುಖ ಸರಿಯಾಗಿ ಕಾಣುವವರೆಗೆ ಐಎಸ್‌ಒ ಹೊಂದಿಸಿಕೊಳ್ಳಿ. ಆಮೇಲೆ ಆ ಕೋರ್ಟ್ ಬಿಡುವವರೆಗೂ ಮುಟ್ಟಬೇಡಿ. ಕೋರ್ಟ್ ಬದಲಾದರೆ ಮತ್ತೊಮ್ಮೆ ನೋಡಿ, ಮೂಲೆಯ ಕೋರ್ಟ್‌ಗಳಲ್ಲಿ ಬೆಳಕು ಬಹಳ ಸಲ ಕಡಿಮೆ ಇರುತ್ತದೆ.

ನೆಟ್ ವಿಚಾರ. 1500ಡಿಯಲ್ಲಿ 9 ಫೋಕಸ್ ಪಾಯಿಂಟ್ ಇವೆ, ಗಟ್ಟಿಯಾದ ಕ್ರಾಸ್ ಟೈಪ್ ನಡುವಿನದು ಒಂದೇ. ಒಂಬತ್ತನ್ನೂ ಬಿಟ್ಟರೆ ಹತ್ತಿರ ಇರುವುದನ್ನು, ಅಂದರೆ ನೆಟ್ ಪಟ್ಟಿಯನ್ನು ಹಿಡಿಯುತ್ತವೆ. ನಡುವಿನದನ್ನು ಮಾತ್ರ ಇಟ್ಟುಕೊಳ್ಳಿ, ಎಐ ಸರ್ವೋ (ಓಡುವವರನ್ನು ಬಿಡದೆ ಹಿಂಬಾಲಿಸುವ ಫೋಕಸ್) ಹಾಕಿ, ಪಾಯಿಂಟ್ ಅವಳ ಎದೆಯ ಮೇಲೆ ಇರಲಿ. ಕಸ್ಟಮ್ ಫಂಕ್ಷನ್‌ಗೆ ಹೋಗಿ ಫೋಕಸ್ ಕೆಲಸವನ್ನು ಹಿಂದಿನ ನಕ್ಷತ್ರ ಗುರುತಿನ ಬಟನ್‌ಗೆ ಕೊಟ್ಟುಬಿಡಿ. ಆಗ ಹೆಬ್ಬೆರಳು ಫೋಕಸ್ ನೋಡಿಕೊಳ್ಳುತ್ತದೆ, ತೋರುಬೆರಳು ಫೋಟೋ ಮಾತ್ರ. ಅವಳು ನೆಟ್ ಪಟ್ಟಿಯ ಹಿಂದೆ ಬಂದ ಕ್ಷಣ ಹೆಬ್ಬೆರಳು ಎತ್ತಿ. ಫೋಕಸ್ ಇದ್ದಲ್ಲೇ ನಿಲ್ಲುತ್ತದೆ, ಪಟ್ಟಿಗೆ ಹಾರುವುದಿಲ್ಲ. ಹತ್ತು ಮೀಟರ್ ದೂರದಲ್ಲಿ ಎಫ್ 2ಕ್ಕೆ ಸುಮಾರು ಒಂದು ಮೀಟರ್ ಆಳ ಸ್ಪಷ್ಟ ಇರುತ್ತದೆ, ಒಂದು ಹೆಜ್ಜೆ ಹಿಂದೆ ಮುಂದೆ ಆದರೂ ನಡೆಯುತ್ತದೆ. ಐದು ಮೀಟರ್‌ಗೆ ಬಂದರೆ ಮಾತ್ರ ಅದು ಒಂದು ಗೇಣಿನಷ್ಟೇ, ಅಲ್ಲಿ ಹೆಬ್ಬೆರಳು ಬಿಡಬೇಡಿ. ಎರಡು ದಿನ ಗೊಂದಲ ಅನ್ನಿಸುತ್ತದೆ, ಪ್ರಾಕ್ಟೀಸ್ ಪಂದ್ಯದಲ್ಲಿ ರೂಢಿ ಮಾಡಿಕೊಳ್ಳಿ.

ಸಾಧ್ಯವಾದರೆ ಕೂರುವ ಜಾಗವನ್ನೂ ಬದಲಾಯಿಸಿ. ನೆಟ್ ಕಂಬದ ಎತ್ತರ 1.55 ಮೀಟರ್. ನೆಲದಲ್ಲಿ ಕೂತು ನೇರ ನೋಡಿದರೆ ಬಲೆ ಅಡ್ಡ ಬರುವುದೇ. ಗ್ಯಾಲರಿಯಲ್ಲಿ ಎರಡನೇ ಮೂರನೇ ಮೆಟ್ಟಿಲು ಹತ್ತಿದರೆ ನೆಟ್ ಮೇಲಿಂದ ಮುಖ ಸಿಗುತ್ತದೆ. ಇಲ್ಲವೇ ಬೇಸ್ ಲೈನ್ ಹಿಂದಿನ ಮೂಲೆಯಲ್ಲಿ, ಸೈಡ್ ಲೈನ್‌ನಿಂದ ಸ್ವಲ್ಪ ಹೊರಗೆ. ಅಲ್ಲಿಂದ, ನೆಟ್ ಆಚೆ ಇರುವ ಅವಳು ಆ ಸೈಡ್ ಲೈನ್ ಅಂಚಿಗೆ ಬಂದಾಗಲೆಲ್ಲ ಕಂಬದ ಆಚೆಯಿಂದ ಅಡ್ಡಿಯಿಲ್ಲದೆ ಕಾಣುತ್ತಾಳೆ.

1500ಡಿ ಸೆಕೆಂಡಿಗೆ 3 ಫೋಟೋ ತೆಗೆಯುತ್ತದೆ. ಬಟನ್ ಒತ್ತಿ ಹಿಡಿದರೆ ಸ್ಮ್ಯಾಶ್ ಎರಡು ಫೋಟೋಗಳ ನಡುವೆ ತಪ್ಪಿಹೋಗಬಹುದು, ರಾ ಆದರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ಕೂಡ ಬೇಗ ತುಂಬುತ್ತದೆ. ಅಂಪೈರ್ ಸರ್ ಹೇಳಿದ ಎಡಗೈ ಗುರುತು ಹಿಡಿದು ಒಂದೇ ಒಂದು ಒತ್ತಿ. ಉಳಿದ ದುಡ್ಡಿನಲ್ಲಿ ಒಂದು ಲೆನ್ಸ್ ಹುಡ್, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ತಗೊಳ್ಳಿ. ಮುಂದಿನ ಪಂದ್ಯ ಯಾವ ಊರಲ್ಲಿ ಹೇಳಿ. ಆ ಹಾಲ್ ನಾನು ನೋಡಿದ್ದರೆ ಯಾವ ಕಡೆ ಕೂರಬೇಕು ಅಂತ ಬರೆಯುತ್ತೇನೆ.